ಮುಚ್ಚದ ಕಣ

ನಮ್ಮನೆಯವರು ಓಂಕಾರಮೂರ್ತಿ ಹೋಗಿ ಎರಡು ಮಳೆಗಾಲ ಕಳೆದವು. ಅವರು ಕಟ್ಟಿದ ಗ್ಲೈಡರ್ ಮಾತ್ರ ಕಾಫಿ ಗೋಡೌನಿನಲ್ಲಿ ಹಾಗೇ ಇತ್ತು. ಎಂಜಿನ್ ಇಲ್ಲದ, ಒಬ್ಬರೇ ಕೂರುವಂಥ ಪುಟ್ಟ ವಿಮಾನ ಅದು. ಅಲ್ಯುಮಿನಿಯಂ ಪೈಪು, ತೆಳು ಪ್ಲೈವುಡ್, ಮೇಲೆ ಬಿಳಿ ಬಟ್ಟೆ. "ಗೊಬ್ಬರದ ಮೂಟೆ ಇಡೋ ಜಾಗದಲ್ಲಿ ರೆಕ್ಕೆ ಇಟ್ಕೊಂಡು ಕೂತಿದೀರಲ್ಲ, ನಿಮಗೆ ತಲೆ ನೆಟ್ಟಗಿದೆಯಾ?" ಎಂದು ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಬೈಯುತ್ತಲೇ ಆ ಬಟ್ಟೆಯನ್ನು ನನ್ನ ಹೊಲಿಗೆ ಮಿಷನ್ನಿನಲ್ಲಿ ಹೊಲಿದುಕೊಟ್ಟವಳೂ ನಾನೇ. ಎರಡು ಹೊಲಿಗೆ ಹಾಕಿದರೆ ದಾರದ ತೂಕ ಜಾಸ್ತಿಯಾಗುತ್ತದೆ ಎಂದು ಅದಕ್ಕೂ ತಕರಾರು ತೆಗೆದಿದ್ದರು, ಪುಣ್ಯಾತ್ಮ.

ತೂಕದ ಹುಚ್ಚು ಯಾಕೆಂದು ಒಂದು ಸಲ ಕೇಳಿದ್ದೆ. "ನಮ್ ಕಡೆ ಗಾಳಿ ಮೇಲೇಳೋದೇ ಮೆತ್ತಗೆ, ವಿಮಲಾ. ತೋಟಕ್ಕೆಲ್ಲ ಮರದ ನೆರಳು. ಬಿಸಿಲಿಗೆ ಚೆನ್ನಾಗಿ ಕಾಯೋದು ಕಣ ಒಂದೇ. ಅಲ್ನೋಡು ಆ ಹದ್ದು, ರೆಕ್ಕೆ ಬಡೀದೆ ನಮ್ ಕಣದ ಮೇಲೇ ಸುತ್ತುತ್ತೆ" ಎಂದಿದ್ದರು. ನೋಡಿದರೆ ನಿಜವೇ. ಜನವರಿಯಲ್ಲಿ ಸಿಮೆಂಟ್ ಕಣದ ಮೇಲೆ ಹಣ್ಣು ಕಾಫಿ ಒಣಗಿ ಕಪ್ಪಾದಾಗ ಅಲ್ಲಿಂದ ಬಿಸಿಗಾಳಿ ಏಳುತ್ತದೆ. ಹದ್ದು ಅದರಲ್ಲಿ ಸುಮ್ಮನೆ ಕೂತು ಮೇಲೆ ಹೋಗುತ್ತದೆ. ಕಪ್ಪಾದಷ್ಟೂ ಒಳ್ಳೆಯದು ಎಂದು, ಇವರು ಆ ವರ್ಷ ಕಾಫಿಯನ್ನು ಪಲ್ಪ್ ಮಾಡಿಸದೆ ಅಷ್ಟನ್ನೂ ಸಿಪ್ಪೆ ಸಮೇತ ಒಣಗಿಸಿಬಿಟ್ಟಿದ್ದರು. ಸಿಪ್ಪೆ ಕಾಫಿಗೆ ರೇಟು ಕಡಿಮೆಯೆಂದು ನಾನು ಎರಡು ದಿನ ಮಾತು ಬಿಟ್ಟಿದ್ದೆ.

ಹಾರುವ ಮೊದಲೇ ಅವರ ಎದೆಬಡಿತ ನಿಂತಿತು. ಮಣ್ಣು ಮಾಡಿ ಬಂದ ದಿನವೂ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಇಷ್ಟು ದೊಡ್ಡ ಹಕ್ಕಿಯನ್ನು ನನ್ನ ತಲೆಗೆ ಕಟ್ಟಿ ಹೋದರಲ್ಲ ಎಂಬ ಸಿಟ್ಟು.

ಅದನ್ನು ಹಾರಿಸುತ್ತೇನೆಂದು ಹೊರಟವಳು ನನ್ನ ಮಗಳು ಧನ್ಯಾ. ಹೊರ ಊರಿಗೆ ಹೋಗಿ ಗ್ಲೈಡರ್ ಹಾರಿಸುವುದನ್ನು ಕಲಿತು ಬಂದವಳು. ಕೊಯ್ಲಾದ ಗದ್ದೆ ಬಯಲಿನಲ್ಲಿ ಜೀಪಿಗೆ ಕಟ್ಟಿ ಎಳೆಸಿ ಆಳೆತ್ತರ ಹಾರಿಸಿ, ಇಳಿಸಿ, ಪರೀಕ್ಷೆ ಮಾಡಿದ್ದಳು. ಈಗ ಗುಡ್ಡದಿಂದ ಹಾರಬೇಕಂತೆ. ಹಾರುವುದು ತೋಟದ ಮೇಲಿನ ಹುಲ್ಲುಗುಡ್ಡದಿಂದ, ಇಳಿಯುವುದು ಹಳ್ಳದಾಚೆಯ ಅದೇ ಗದ್ದೆಯಲ್ಲಿ. ನಡುವೆ ಬರೀ ಸಿಲ್ವರ್ ಓಕ್ ಮರಗಳು, ಇಳಿಯಲು ಅಂಗೈಯಗಲ ಜಾಗವಿಲ್ಲ.

"ನೇರ ಹೋದ್ರೆ ಗದ್ದೆ ಮುಟ್ಟಲ್ಲಮ್ಮ. ದಾರೀಲಿ ನಮ್ ಕಣದ ಮೇಲೆ ಸುತ್ತಿ ಸ್ವಲ್ಪ ಎತ್ತರಕ್ಕೆ ಹೋಗ್ಬೇಕು" ಎಂದಳು.

"ಹೋಗೋಕಾಗ್ದಿದ್ರೆ?"

"ಆಗುತ್ತೆ. ಅಪ್ಪ ಲೆಕ್ಕ ಹಾಕಿದಾರೆ."

"ಅಪ್ಪನ ಲೆಕ್ಕ ನನಗೆ ಹೇಳ್ಬೇಡ. ಅವರ ಲೆಕ್ಕದಲ್ಲಿ ಅವರು ಇನ್ನೂ ಬದುಕಿರ್ಬೇಕಿತ್ತು" ಎಂದೆ. ಅವಳು ನನ್ನ ಕಾಲು ಮುಟ್ಟಿ ಹೋದಳು.

ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತಿತ್ತು. ಮಲ್ಲಂದೂರಿನ ಗ್ಯಾರೇಜಿನ ಅನಿಲ್ ಮತ್ತವನ ಗೆಳೆಯರು ಗುಡ್ಡದ ಮೇಲೆ ರೆಕ್ಕೆ ಹಿಡಿದು ಓಡುವುದು ಕಣದಿಂದಲೇ ಕಾಣುತ್ತಿತ್ತು. ಬಿಟ್ಟರು. ಗ್ಲೈಡರ್ ಒಮ್ಮೆ ಕೆಳಗೆ ಬಗ್ಗಿ, ಆಮೇಲೆ ನೆಟ್ಟಗಾಗಿ, ಸದ್ದೇ ಇಲ್ಲದೆ ನಮ್ಮ ಕಡೆ ಬಂತು. ಅಯ್ಯೋ ದೇವರೇ ಎಂದುಕೊಂಡು ನಾನು ಕಣ್ಣು ಮಿಟುಕಿಸದೆ ನಿಂತೆ.

ಆಗಲೇ ಗಿರಿಸಾಲಿನ ಹಿಂದಿನಿಂದ ಆ ಅಕಾಲದ ಹಾಳು ಮೋಡ ಎದ್ದದ್ದು. ಬೆಳಗ್ಗೆ ಅದರ ಸುಳಿವೇ ಇರಲಿಲ್ಲ. ಮೋಡ ಕಂಡರೆ ಕಣ ಮುಚ್ಚಬೇಕೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಣಗಿದ ಕಾಫಿ ನೆನೆದರೆ ಬೂಷ್ಟು ಹಿಡಿಯುತ್ತದೆ, ವರ್ಷದ ದುಡಿಮೆ ಹೋಗುತ್ತದೆ. ಪಕ್ಕದ ತೋಟದ ಸೋಮಶೇಖರಪ್ಪನವರ ಕಣದಲ್ಲಿ ಕೂಗಾಟ ಶುರುವಾಯಿತು. ಕೆಳಗಿನ ತೋಟಗಳ ಕಣಗಳೂ ಟಾರ್ಪಾಲು ಹೊದ್ದು ಒಂದೊಂದಾಗಿ ನೀಲಿಯಾದವು. ನಮ್ಮ ಮೇಸ್ತ್ರಿ ದಾಸಯ್ಯ ಆಳುಗಳನ್ನು ಕರೆದು ಟಾರ್ಪಾಲು ಬಿಚ್ಚಿಸಿದ. ನಾನೂ ಓಡಿಹೋಗಿ ಒಂದು ತುದಿ ಹಿಡಿದೆ. ಮಗಳು ತಲೆಯ ಮೇಲಿದ್ದಾಳೆ, ನನ್ನ ಕೈ ಟಾರ್ಪಾಲು ಎಳೆಯುತ್ತಿದೆ! ನಮ್ಮಂಥವರ ಕೈಯೇ ಹಾಗೆ.

ಅರ್ಧ ಕಣ ಮುಚ್ಚಿದಾಗ ಮೇಲೆ ನೋಡಿದೆ. ಮೊದಲು ಏರುತ್ತಿದ್ದ ಗ್ಲೈಡರ್ ಈಗ ಸುತ್ತುತ್ತಲೇ ಇಳಿಯುತ್ತಿತ್ತು. ನಾನು ಹೊಲಿದ ಹೊಲಿಗೆ ಕಾಣುವಷ್ಟು ಕೆಳಗೆ. ಧನ್ಯಾಳ ಕೆಂಪು ಹೆಲ್ಮೆಟ್ ಆಚೆ ಈಚೆ ತಿರುಗುತ್ತಿತ್ತು. ಅವಳು ಮುಚ್ಚದ ಕಣ ಹುಡುಕುತ್ತಿದ್ದಳು. ಕೈಯಲ್ಲಿದ್ದ ಟಾರ್ಪಾಲಿನ ತುದಿಯನ್ನು ಹಿಂದಕ್ಕೆ ಎಳೆದೆ.

"ತೆಗೀರೋ! ಟಾರ್ಪಾಲು ತೆಗೀರಿ!"

ದಾಸಯ್ಯ ಹಿಡಿದ ತುದಿ ಬಿಡಲಿಲ್ಲ. "ಅಮ್ಮಾರೇ, ಮಳೆ ಬಂತು. ಕಾಫಿ ಎಲ್ಲ ಹೋಗುತ್ತೆ..."

"ಹೋದ್ರೆ ನನ್ ಕಾಫಿ ಹೋಗುತ್ತೆ, ನಿಮ್ಮಪ್ಪನ್ದಲ್ಲ! ಎಳಿ ಮಾರಾಯ, ಮೇಲಿರೋದು ನನ್ ಮಗಳು!"

ಎಳೆದರು. ದಾಸಯ್ಯನೇ ಎಲ್ಲರಿಗಿಂತ ಜೋರಾಗಿ ಎಳೆದ. ಕಪ್ಪು ಕಾಫಿ ಮತ್ತೆ ತೆರೆದುಕೊಂಡಿತು. ಆಗಲೇ ಬಿಸಿಲು ಹೋಗಿತ್ತು, ಆದರೆ ಬರಿಗಾಲಿಗೆ ಸಿಮೆಂಟ್ ಇನ್ನೂ ಸುಡುತ್ತಿತ್ತು. ಆ ಬಿಸಿ ಎಷ್ಟು ಹೊತ್ತು ಇದ್ದೀತು? "ರೀ, ಒಂದ್ ಸಲ ನಿಮ್ಮ ಲೆಕ್ಕ ಸರಿಯಾಗ್ಲಿ ಕಣ್ರೀ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಆಳುಗಳ ಮುಂದೆ ನಾಚಿಕೆಯೂ ಆಗಲಿಲ್ಲ.

ಗ್ಲೈಡರ್ ಒಂದು ಸುತ್ತು ಅದೇ ಎತ್ತರದಲ್ಲಿ ಬಂತು. ಇನ್ನೊಂದು ಸುತ್ತು. ಎಲ್ಲಿತ್ತೋ ಏನೋ, ಹದ್ದೊಂದು ಬಂದು ಅದರ ಜೊತೆ ಸುತ್ತತೊಡಗಿತು. "ಏರ್ತಾ ಇದೆ ಅಮ್ಮಾರೇ" ಎಂದ ದಾಸಯ್ಯ. ನನಗೆ ನಂಬಿಕೆ ಬರಲಿಲ್ಲ. ಆದರೂ ಏರುತ್ತಿತ್ತು, ನಿಧಾನವಾಗಿ, ನಮ್ಮನೆಯವರು ಹೇಳಿದ ಹಾಗೆ ಮೆತ್ತಗೆ.

ಮೊದಲ ಹನಿ ನನ್ನ ಕೈಮೇಲೆ ಬಿತ್ತು. ಯಾರೂ ಟಾರ್ಪಾಲು ಮುಟ್ಟಲಿಲ್ಲ. ಹನಿ ದಪ್ಪವಾಗುವಷ್ಟರಲ್ಲಿ ಗ್ಲೈಡರ್ ನೆಟ್ಟಗೆ ತಿರುಗಿ, ಸಿಲ್ವರ್ ಓಕುಗಳ ತುದಿ ದಾಟಿ, ಹಳ್ಳದ ಕಡೆ ಹೋಗಿ ಕಾಣದಾಯಿತು. ಆಮೇಲೆ ಮಳೆ ಧೋ ಎಂದು ಸುರಿಯಿತು. ಕಾಫಿ ನಮ್ಮ ಕಣ್ಣೆದುರೇ ತೇಲಿ ಚರಂಡಿಗೆ ಹೋಯಿತು. ನಾನು ಸೆರಗಿನೊಳಗೆ ಫೋನ್ ಬಚ್ಚಿಟ್ಟುಕೊಂಡು ನಿಂತಿದ್ದೆ.

ಕೊನೆಗೂ ರಿಂಗಾಯಿತು.

"ಅಮ್ಮಾ, ಗದ್ದೇಲಿ ಇಳಿದೆ. ಏನೂ ಆಗಿಲ್ಲ" ಎಂದಳು. "ಎಲ್ಲಾ ಕಣನೂ ನೀಲಿಯಾಗಿತ್ತಮ್ಮ, ನಮ್ಮದೂ ಅರ್ಧ. ನಂದು ಮುಗೀತು ಅನ್ಕೊಂಡೆ. ಅಷ್ಟರಲ್ಲಿ ನಮ್ಮದೊಂದೇ ಕಪ್ಪಾಯ್ತು. ಅಪ್ಪನೇ ಅಲ್ಲಿ ನಿಂತಿದಾರೆ ಅನ್ನಿಸ್ತು."

"ನಿಮ್ಮಪ್ಪ ಅಲ್ಲ ಕಣೇ, ನಾನು! ನಾನೇ ನಿಂತಿದ್ದು. ಅವರಿಲ್ಲ, ಅವರು ಹೋಗಿದಾರೆ!" ಎಂದು ಕಿರುಚಿದೆ. ಆ ನೆನೆದ ಕಾಫಿಯ ಮೇಲೇ ಕೂತುಬಿಟ್ಟೆ. ಎರಡು ಮಳೆಗಾಲದಿಂದ ಬಾರದಿದ್ದ ಅಳು ಆಗ ಬಂತು. ಫೋನಿನ ಆ ಕಡೆ ಮಗಳೂ ಅಳುತ್ತಿದ್ದಳು.

ದಾಸಯ್ಯ ಟಾರ್ಪಾಲಿನ ತುದಿ ಎತ್ತಿಕೊಂಡು ಬಂದು, ಕಣಕ್ಕಲ್ಲ, ನನ್ನ ತಲೆಯ ಮೇಲೆ ಹಿಡಿದು ನಿಂತ.