ಹದಿನಾಲ್ಕು ಮಂದಿಯ ನಾಯಕತ್ವ

“ಲೇ ಹೊನ್ನಿ, ಏಳ ಮ್ಯಾಲ! ಹೆಡ್ಮಾಸ್ತರ ಕುಂದ್ರೂ ಕುರ್ಚಿ ಮ್ಯಾಲ ಕುಂತಿಯಲ್ಲ, ನಿಮ್ಮಪ್ಪ ತಂದಿಟ್ಟಾನೇನ ಇದನ್ನ?”

ತರಬೇತಿಯ ಉಸ್ತುವಾರಿ ಬಸಂತರಾಯ ಬಾಗಿಲಲ್ಲೇ ನಿಂತು ಕೂಗಿದ. ಹೊನ್ನವ್ವ ಎದ್ದು ನೆಲದ ಮೇಲೆ ಕುಳಿತಳು. ಎದುರಿನ ಬೆಂಚಿನ ಮೇಲೆ ಹದಿನಾಲ್ಕು ಮೊಬೈಲುಗಳು ಸಾಲಾಗಿ ಮಲಗಿದ್ದವು. ಹದಿನಾಲ್ಕರಲ್ಲೂ ಒಬ್ಬಳೇ ಹೆಣ್ಣುಮಗಳು ‘ಶಾಲಾ ನಾಯಕತ್ವ ಮತ್ತು ತಂತ್ರಜ್ಞಾನ’ದ ಪಾಠವನ್ನು ನಗುನಗುತ್ತ ಹೇಳುತ್ತಿದ್ದಳು. ಐದು ನಿಮಿಷಕ್ಕೊಮ್ಮೆ ಪರದೆ ಮುಟ್ಟದಿದ್ದರೆ ಪಾಠ ನಿಂತುಬಿಡುತ್ತದೆ. ಮುಟ್ಟುವುದು ಹೊನ್ನವ್ವನ ಕೆಲಸ. ಮೊಬೈಲಿನ ಒಡೆಯರಾದ ಹೆಡ್ಮಾಸ್ತರರು ಹಿತ್ತಲಿನ ಬೇವಿನ ಗಿಡದ ಕೆಳಗೆ ಮಿರ್ಚಿ ಭಜಿ ತಿನ್ನುತ್ತ ನಾಯಕರಾಗುತ್ತಿದ್ದರು.

ಇಂಗಳೇಶ್ವರದ ಕೇರಿಯಿಂದ ಬಸ್ಸಿಗೆ ಬರುವ ಹೊನ್ನವ್ವ ಒಂಬತ್ತು ವರ್ಷದಿಂದ ಈ ಶಿಕ್ಷಣ ಇಲಾಖೆ ಕಚೇರಿಯ ಗುತ್ತಿಗೆ ಸಿಪಾಯಿ. ಕಸ ಹೊಡೆಯಬೇಕು, ಚಹಾ ತರಬೇಕು, ಸಾಹೇಬರು ಪಾಸ್‌ವರ್ಡ್ ಮರೆತರೆ ನೆನಪಿಸಬೇಕು. ಪಿಯುಸಿ ಓದಿದ್ದಳು, ಕಂಪ್ಯೂಟರ್ ಕಲಿತಿದ್ದಳು. ಈ ತರಬೇತಿಯ ಸರ್ಟಿಫಿಕೇಟು ಇದ್ದರೆ ಕಚೇರಿಯ ಆಪರೇಟರ್ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಹೆಡ್ಮಾಸ್ತರರ ಮೊಬೈಲು ನೋಡಿಕೊಂಡರೆ ನಿನ್ನ ಹೆಸರೂ ಸೇರಿಸುತ್ತೇನೆ ಎಂದು ಬಸಂತರಾಯ ಮಾತು ಕೊಟ್ಟಿದ್ದ. ಆ ಒಂದು ಮಾತಿಗೆ ನಾಲ್ಕು ದಿನ ಅವಳು ಈ ನಗುವವಳ ಮುಂದೆ ಬೆನ್ನು ನೋಯಿಸಿಕೊಂಡಿದ್ದಳು. ಇಂದು ಕೊನೆಯ ಪರೀಕ್ಷೆ.

“ಸಾಹೇಬ್ರ, ನನ್ನ ಹೆಸರ ಲಿಸ್ಟಿನ್ಯಾಗ ಕಾಣವಲ್ದಲ್ರಿ?”

“ತಗದೇನಿ. ಸಿಪಾಯಿಗೆ ನಾಯಕತ್ವ ಯಾತಕ್ಕ? ಯಾರಿಗೆ ನಾಯಕಿ ಆಗಾಕಿ ನೀ, ನಿಮ್ಮ ಕೇರ್ಯಾಗಿನ ಹಂದಿಗೋಳಿಗೇನ?”

ಅಷ್ಟರಲ್ಲಿ ಒಳಬಂದಿದ್ದ ಹಿರಿಯ ಹೆಡ್ಮಾಸ್ತರ ಹಣಮಂತ್ರಾಯ ಹೊಟ್ಟೆ ಕುಣಿಸಿ ನಕ್ಕ. ಎಣ್ಣೆಗೈಯನ್ನು ಗೋಡೆಗೆ ಒರೆಸಿಕೊಂಡ.

“ಬಿಡ್ರಿ, ನಾಳೆ ನಮಗ ಆರ್ಡರ್ ಮಾಡ್ಯಾಳ! ಹೊನ್ನಿ, ನನಗ ತೊಂಬತ್ತರ ಮ್ಯಾಲ ಬರಬೇಕ ನೋಡ. ಪೇಪರಿನ್ಯಾಗ ಫೋಟೋ ಬರತೈತಿ.”

ಇಬ್ಬರೂ ಭಜಿಗೆ ಹೊರಟುಹೋದರು.

ಪರೀಕ್ಷೆ ಬರೆಯುವವಳೂ ಅವಳೇ. ಒಂದೇ ತೊಡಕು: ನಡುವೆ ಪರದೆ ಮುಖ ಕೇಳುತ್ತದೆ, ಬರೆಯುತ್ತಿರುವವರ ಫೋಟೋ ತೆಗೆದುಕೊಳ್ಳುತ್ತದೆ. ಹಿಂದಿನ ಮೂರು ಪರೀಕ್ಷೆಗಳಲ್ಲೂ ಹೊನ್ನವ್ವ ಮೊಬೈಲು ಹಿಡಿದು ಬೇವಿನ ಗಿಡದ ತನಕ ಓಡಿದ್ದಳು. “ಸರ್ರ, ಮಾರಿ ತೋರಸ್ರಿ!” ಎಂದರೆ ಅವರು ಬಾಯಿ ಒರೆಸಿಕೊಂಡು, ಗಂಭೀರರಾಗಿ ಮುಖ ಕೊಟ್ಟು, ಮತ್ತೆ ತಟ್ಟೆಗೆ ಕೈ ಹಾಕುತ್ತಿದ್ದರು.

ಹೊನ್ನವ್ವನಿಗೆ ಅಳು ಬರಲಿಲ್ಲ. ಸಿಟ್ಟು ಬಂದಿತ್ತು. ಹಣಮಂತ್ರಾಯನ ಮೊಬೈಲು ಎತ್ತಿಕೊಂಡಳು. ‘ನಾಯಕನು ತನ್ನ ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳಬೇಕು?’ ಎಂದು ಕೇಳಿತು. ‘ಗೌರವದಿಂದ’ ಎಂಬುದನ್ನು ಒತ್ತಿದಳು. ಆಮೇಲೆ ಅದು ಮುಖ ಕೇಳಿತು.

ಅವಳು ಓಡಲಿಲ್ಲ. ಸೆರಗು ಸರಿಮಾಡಿಕೊಂಡು ತನ್ನ ಮುಖವನ್ನೇ ಕೊಟ್ಟಳು. ಮೊಬೈಲಿಗೆ ಮುಖ ಬೇಕಿತ್ತು, ಯಾರದೆಂದು ಅದು ಕೇಳಲಿಲ್ಲ. ಎರಡನೆಯದು ಎತ್ತಿಕೊಂಡಳು. ಹಾಗೇ ಹದಿನಾಲ್ಕನ್ನೂ ಮುಗಿಸಿದಳು. ನಾಳೆಯಿಂದ ಕೆಲಸ ಇರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಸಮಾರೋಪಕ್ಕೆ ಜಿಲ್ಲಾ ಕಚೇರಿಯಿಂದ ಅಧಿಕಾರಿ ವಿದ್ಯಾವತಿ ಮೇಡಂ ಬಂದರು. ಮುಂದಿನ ಸಾಲಿನಲ್ಲಿ ಹದಿನಾಲ್ಕು ಶಾಲುಗಳು, ಹದಿನಾಲ್ಕು ತುಂಬಿದ ಹೊಟ್ಟೆಗಳು. ಫಲಿತಾಂಶವನ್ನು ಮೊದಲೇ ತೆರೆದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬಸಂತರಾಯ ಮೈಕು ಹಿಡಿದ.

“ಹದಿನಾಲ್ಕೂ ಮಂದಿ ಪಾಸಾಗ್ಯಾರ್ರಿ ಮೇಡಮ್ಮರ. ಫೋಟೋ ಸಮೇತ ನೋಡ್ರಿ.”

ಹೊನ್ನವ್ವ ಪ್ರೊಜೆಕ್ಟರಿನ ಗುಂಡಿ ಒತ್ತಿ ಬಾಗಿಲ ಬಳಿ ಹೋಗಿ ನಿಂತಳು. ಗೋಡೆಯ ಮೇಲೆ ಬೆಳಕು ಬಿತ್ತು. ಪ್ರಥಮ ಸ್ಥಾನ, ಹಣಮಂತ್ರಾಯ, ತೊಂಬತ್ತೆಂಟು ಅಂಕ. ಪಕ್ಕದಲ್ಲಿ ಹೊನ್ನವ್ವನ ಮುಖ. ದ್ವಿತೀಯ, ಹೊನ್ನವ್ವನ ಮುಖ. ತೃತೀಯ, ಅದೇ ಮುಖ.

“ಯಾರ್ರಿ ಈಕಿ?” ಮೇಡಂ ಕೇಳಿದರು.

“ನಿಮ್ಮವ್ವನ, ಬಂದ್ ಮಾಡ್ರೋ ಅದನ್ನ!” ಬಸಂತರಾಯ ಮೈಕಿನಲ್ಲೇ ಅರಚಿದ.

ಹಣಮಂತ್ರಾಯ ಯಂತ್ರದ ಮೇಲೆ ಬಿದ್ದ. ಇನ್ನೊಬ್ಬ ಕೈಗೆ ಸಿಕ್ಕ ಗುಂಡಿ ಒತ್ತಿದ, ಮುಖ ದೊಡ್ಡದಾಯಿತು. ಮತ್ತೊಬ್ಬ ಒತ್ತಿದ, ಗೋಡೆಯ ತುಂಬ ಹರಡಿತು. ತಂತ್ರಜ್ಞಾನ ಕಲಿತ ಹದಿನಾಲ್ಕು ಮಂದಿ ಒಬ್ಬರ ಕಾಲು ಒಬ್ಬರು ತುಳಿದರು.

ಬಸಂತರಾಯ ಬೆವರುತ್ತ ಬಾಗಿಲಿಗೆ ಓಡಿ ಬಂದ.

“ಹೊನ್ನವ್ವಾ, ಯವ್ವಾ, ನಿನ್ನ ಕಾಲ ಬೀಳ್ತೇನಿ, ಬಂದ್ ಮಾಡವಾ!”

ಹೊನ್ನವ್ವ ಅವನತ್ತ ನೋಡಲಿಲ್ಲ. ಮೇಡಂ ಅವರ ಕಣ್ಣಿಗೆ ಕಣ್ಣಿಟ್ಟಳು.

“ಅಕಿ ನಾನ ಅದೀನ್ರಿ. ಪರೀಕ್ಷಾ ಬರದಾಕಿ. ಬಂದ್ ಮಾಡಾಕ ಅವ್ರಿಗೇ ಹೇಳ್ರಿ, ಪಾಸಾಗ್ಯಾರ.”