ಇಲ್ಲದ ಥೈರಾಯ್ಡ್

ಲಾವಣ್ಯಳಿಗೆ ಥೈರಾಯ್ಡ್ ಇರಲಿಲ್ಲ. ಆದರೂ ಅಮೆರಿಕದ ಕ್ಯಾಂಟನ್ನಿನ ಕನ್ನಡದ ಮನೆಗಳಲ್ಲೆಲ್ಲ ಅವಳಿಗೆ ಥೈರಾಯ್ಡ್ ಎಂದೇ ಸುದ್ದಿ. ಒಬ್ಬರು ಹೂಕೋಸು ತಿನ್ನಬೇಡ ಎಂದರು. ಇನ್ನೊಬ್ಬರು ಕೊತ್ತಂಬರಿ ಬೀಜದ ಕಷಾಯ ಕುಡಿ ಎಂದು ಬೀಜವನ್ನೇ ತಂದುಕೊಟ್ಟರು. ಅವಳು ಅದನ್ನು ಹುರಿದು ಸಾರಿನ ಪುಡಿಗೆ ಹಾಕಿ ಮುಗಿಸಿದಳು. ಈ ಕಾಯಿಲೆಯನ್ನು ಅವಳಿಗೆ ದಯಪಾಲಿಸಿದವರು ವೆಂಕಟರಾಮು ಅಂಕಲ್.

ನಿಜವಾಗಿ ಆದದ್ದೇ ಬೇರೆ. ಹೋದ ವರ್ಷ ಜನವರಿಯಲ್ಲಿ ಫೋರ್ಡ್ ರೋಡ್ ಎಕ್ಸಿಟ್ ಹತ್ತಿರ, ಹಿಮಗಟ್ಟಿದ ರಸ್ತೆಯಲ್ಲಿ ಅವಳ ಕಾರು ಜಾರಿ, ಎರಡು ಸುತ್ತು ತಿರುಗಿ, ಬರುತ್ತಿದ್ದ ಟ್ರಕ್ಕಿಗೆ ಮುಖಮಾಡಿ ನಿಂತಿತ್ತು. ಟ್ರಕ್ಕಿನವನು ಹೇಗೋ ಪಕ್ಕಕ್ಕೆ ಎಳೆದುಕೊಂಡ. ಮೈಮೇಲೆ ಒಂದು ಗೀರೂ ಬೀಳಲಿಲ್ಲ. ದೇವರು ದೊಡ್ಡವನು ಎಂದು ಎಲ್ಲರೂ ಕೈಮುಗಿದು ಅವರವರ ಕೆಲಸಕ್ಕೆ ಹೋದರು. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು ಐಶ್ವರ್ಯ ಇದ್ದಳು ಎಂಬುದನ್ನು ಲಾವಣ್ಯಳ ಮೈ ಮಾತ್ರ ಮರೆಯಲಿಲ್ಲ. ಅಡುಗೆಮನೆಯಲ್ಲಿ ನಿಂತಿದ್ದರೂ ದೂರದ ಹಾರ್ನ್ ಕೇಳಿದರೆ ಸಾಕು, ಕೈ ನಡುಗುವುದು, ಉಸಿರು ಸಿಗದಾಗುವುದು. ಕಾರಿಲ್ಲದೆ ಒಂದು ಡಬ್ಬಿ ಹಾಲೂ ತರಲಾಗದ ಊರಿನಲ್ಲಿ ಅವಳಿಗೆ ಕಾರೆಂದರೆ ಆಗದಾಯಿತು.

ಅದಕ್ಕೆ ಔಷಧ ಇರಲಿಲ್ಲವೇ? ಇತ್ತು. ದಿನಕ್ಕೊಂದು ಮಾತ್ರೆ, ವಾರಕ್ಕೊಮ್ಮೆ ಫಾರ್ಮಿಂಗ್ಟನ್ ಹಿಲ್ಸಿನ ಒಬ್ಬ ಕೌನ್ಸೆಲರ್. ಮೊದಲು ನಿಂತ ಕಾರಿನಲ್ಲಿ ಐದು ನಿಮಿಷ ಕೂರುವುದನ್ನು ಆಕೆ ಕಲಿಸಿದಳು. ಆಮೇಲೆ ಎಂಜಿನ್ ಆನ್ ಮಾಡಿ ಕೂರುವುದು. ಆಮೇಲೆ ಪಕ್ಕದ ಮನೆಯ ಅಂಚೆಪೆಟ್ಟಿಗೆಯವರೆಗೆ. ಮೇ ತಿಂಗಳ ಒಂದು ಬೆಳಿಗ್ಗೆ ಲಾವಣ್ಯ ಒಬ್ಬಳೇ ತಮ್ಮ ಬಡಾವಣೆಯ ಬಾಯಲ್ಲಿರುವ ಸ್ಟಾಪ್ ಸೈನ್‌ವರೆಗೆ ಹೋಗಿ ವಾಪಸು ಬಂದಳು. ಅವತ್ತು ಹಬ್ಬವಲ್ಲದಿದ್ದರೂ ಶಾವಿಗೆ ಪಾಯಸ ಮಾಡಿದಳು.

ಜೂನ್‌ನಲ್ಲಿ ಗಂಡ ಕಿಶೋರನ ಆಫೀಸಿನ ಲಾಯರ್ ಈಮೇಲ್ ಕಳಿಸಿದರು. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡುವ ಕಾಲ ಹತ್ತಿರ ಬಂದಿದೆ, ವೈದ್ಯಕೀಯ ಪರೀಕ್ಷೆಗೆ ಸಿದ್ಧರಾಗಿ ಎಂದು. ಹತ್ತು ವರ್ಷ ವೀಸಾದ ಮೇಲೆ ಕಾದವನು ಕಿಶೋರ. ಆ ವಾರವೇ ವೆಂಕಟರಾಮು ಅಂಕಲ್ ಊಟಕ್ಕೆ ಕರೆದರು.

ಅಂಕಲ್ ಆಬರ್ನ್ ಹಿಲ್ಸಿನಲ್ಲಿ ಮೂವತ್ತು ವರ್ಷ ಗೇರ್‌ಬಾಕ್ಸ್ ಎಂಜಿನಿಯರ್ ಆಗಿದ್ದವರು. ಹೊಸದಾಗಿ ಬಂದವರಿಗೆಲ್ಲ ಲಾಯರ್, ಡಾಕ್ಟರ್, ಪುರೋಹಿತ ಎಲ್ಲ ಅವರೇ. ಸಲಹೆ ಕೇಳಬೇಕೆಂದೂ ಇಲ್ಲ, ತಾನಾಗಿ ಬಂದು ತಟ್ಟೆಗೆ ಬೀಳುತ್ತಿತ್ತು. ಕಿಶೋರ ಹೆಂಡತಿಯ ಚಿಕಿತ್ಸೆಯ ಸುದ್ದಿ ಬಾಯಿಬಿಟ್ಟದ್ದೇ ತಡ, ಶುರುಮಾಡಿದರು.

"ನೋಡಪ್ಪಾ ಕಿಶೋರ್, ಮೆಡಿಕಲ್‌ನಲ್ಲಿ ತಲೆ ಕಾಯಿಲೆ ಬಗ್ಗೆ ಕೇಳೇ ಕೇಳ್ತಾರೆ. ರೆಕಾರ್ಡಲ್ಲಿ ಇದ್ರೆ ಮುಗೀತು, ಗಂಡ ಹೆಂಡ್ತಿ ಇಬ್ಬರದ್ದೂ ರಿಜೆಕ್ಟ್. ಇವತ್ತೇ ಅದನ್ನೆಲ್ಲ ನಿಲ್ಸು. ಯಾರಾದ್ರೂ ಕೇಳಿದ್ರೆ ಥೈರಾಯ್ಡ್ ಅಂತ ಹೇಳು."

ಬಡಿಸುತ್ತಿದ್ದ ಅವರ ಹೆಂಡತಿ ತಾಯಮ್ಮನ ಸೌಟಿನಿಂದ ಹುಳಿ ಮೇಜಿನ ಬಟ್ಟೆಯ ಮೇಲೆ ಚೆಲ್ಲಿತು. "ಇವಳಿಗೆ ಸ್ವಲ್ಪ ಬಿ.ಪಿ.," ಎಂದರು ಅಂಕಲ್. ತಾಯಮ್ಮ ಯಾವ ಸಮಾರಂಭಕ್ಕೂ ಒಳಗೆ ಬರುತ್ತಿರಲಿಲ್ಲ, ಶಾಲು ಹೊದ್ದು ಕಾರಿನಲ್ಲೇ ಕೂತಿರುತ್ತಿದ್ದರು. ಅದಕ್ಕೂ ಬಿ.ಪಿ.ಯೇ ಕಾರಣ ಎಂದು ಊರು ನಂಬಿತ್ತು.

"ಲಾಯರನ್ನೇ ಒಂದು ಮಾತು ಕೇಳು," ಎಂದಳು ಲಾವಣ್ಯ ಮನೆಗೆ ಬಂದ ಮೇಲೆ.

"ಅವರು ಆಫೀಸಿನ ಲಾಯರ್ ಕಣೇ. ಕೇಳಿದ್ರೆ ಅವರಿಗೂ ಗೊತ್ತಾಗುತ್ತಲ್ಲ!"

ಕೇಳದೆ ಹೆದರುವವನಿಗೆ ಮದ್ದಿಲ್ಲ. ಕಿಶೋರ ಕೆಟ್ಟವನಲ್ಲ, ಹೆಂಡತಿಯ ಮೇಲೆ ಪ್ರೀತಿ ಇದ್ದವನೇ. ಆದರೆ ಮೂವರ ಬದುಕು ಒಂದು ಫೈಲಿನಲ್ಲಿದೆ ಎಂದು ನಂಬಿದ್ದ. ಮಾರನೆಯ ದಿನ ಅವನೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್‌ಗಳನ್ನೆಲ್ಲ ಕ್ಯಾನ್ಸಲ್ ಮಾಡಿಸಿದ. ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದ್ದಕ್ಕೆ ಲಾವಣ್ಯ ಹದಿನೈದು ದಿನ ತಲೆ ಸುತ್ತಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು.

ಸ್ಟಾಪ್ ಸೈನ್ ಹೋಯಿತು. ಅಂಚೆಪೆಟ್ಟಿಗೆಯೂ ಹೋಯಿತು. ಚಳಿಗಾಲ ಬರುವ ಹೊತ್ತಿಗೆ ಅವಳು ಹಿಂದಿನ ಸೀಟಿನಲ್ಲಿ ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡಲ್ಲದೆ ಎಲ್ಲಿಗೂ ಹೋಗಲಾರದವಳಾದಳು. ಡಿಸೆಂಬರಿನಲ್ಲಿ ಐಶ್ವರ್ಯಳ ಶಾಲೆಯ ಹಾಡಿನ ಕಾರ್ಯಕ್ರಮಕ್ಕೆ ಹೊರಟು, ಸೀರೆ ಉಟ್ಟು, ಗ್ಯಾರೇಜಿನಿಂದಲೇ ಒಳಗೆ ಬಂದಳು. "ಇಟ್ಸ್ ಓಕೆ, ಮಾಮ್. ಡ್ಯಾಡಿ ರೆಕಾರ್ಡ್ ಮಾಡ್ತಾರೆ," ಎಂದಿತು ಮಗು. ಮಗಳು ಈಗಲೇ ತಾಯಿಯ ಆಸೆ ಬಿಡುವುದನ್ನು ಕಲಿಯುತ್ತಿದ್ದಳು!

ಫೆಬ್ರವರಿಯಲ್ಲಿ ಪರೀಕ್ಷೆಯ ದಿನ ಬಂತು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ದಾರಿಯುದ್ದಕ್ಕೂ ಕಿಶೋರ ಒಂದೇ ಪಾಠ ಹೇಳಿದ. "ಕೇಳಿದ್ರೆ 'ನೋ' ಅನ್ನು. ಒಂದೇ ಒಂದು ಪದ. ಅಷ್ಟೇ." ಲಾವಣ್ಯ ಹಿಂದಿನ ಸೀಟಿನಲ್ಲಿ ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡಿದ್ದಳು.

ಡಾಕ್ಟರ್ ಅರವತ್ತು ದಾಟಿದ ಬಿಳಿ ಹೆಂಗಸು. ಗಂಡ ಹೆಂಡಿರನ್ನು ಒಟ್ಟಿಗೇ ಕರೆದು, ಚುಚ್ಚುಮದ್ದಿನ ಪಟ್ಟಿ ನೋಡಿ, ಎದೆ ಬಡಿತ ಕೇಳಿದಳು. ಕೊನೆಗೆ, ಖಿನ್ನತೆಗೋ ಆತಂಕಕ್ಕೋ ಯಾವಾಗಲಾದರೂ ಚಿಕಿತ್ಸೆ ಪಡೆದಿದ್ದೀಯಾ ಎಂದು ಕೇಳಿದಳು.

ಮೂಲೆಯಲ್ಲಿದ್ದ ಕಿಶೋರ ಕುರ್ಚಿಯ ತುದಿಗೆ ಸರಿದ. ಲಾವಣ್ಯಳಿಗೆ ಮಗುವಿನ 'ಇಟ್ಸ್ ಓಕೆ' ನೆನಪಾಯಿತು.

"ಯೆಸ್," ಎಂದಳು. ಟ್ರಕ್ಕು, ಮಾತ್ರೆ, ಸ್ಟಾಪ್ ಸೈನ್ ಎಲ್ಲವನ್ನೂ ಹೇಳಿದಳು.

ನಿನಗೆ ನೀನೇ ಏನಾದರೂ ಮಾಡಿಕೊಂಡಿದ್ದು, ಬೇರೆಯವರಿಗೆ ಮಾಡಿದ್ದು ಉಂಟೇ? ಇಲ್ಲ. ಈಗ ಚಿಕಿತ್ಸೆ ನಡೆಯುತ್ತಿದೆಯೇ? ಇಲ್ಲ, ನಿಲ್ಲಿಸಿದ್ದೇನೆ. ಯಾಕೆ?

"ನಿಮಗೆ ಹೆದರಿ," ಎಂದಳು ಲಾವಣ್ಯ.

ಡಾಕ್ಟರ್ ಕನ್ನಡಕ ತೆಗೆದು ಅವಳನ್ನೂ ಕಿಶೋರನನ್ನೂ ನೋಡಿದಳು. ಕೌನ್ಸೆಲರ್ ಬಳಿ ಹೋದದ್ದಕ್ಕೆ ಯಾರನ್ನೂ ತಿರಸ್ಕರಿಸುವುದಿಲ್ಲ, ಕಾಯಿಲೆಯಿಂದ ಯಾರಿಗಾದರೂ ಅಪಾಯವಿದೆಯೇ ಎಂದಷ್ಟೇ ನಾನು ನೋಡುವುದು ಎಂದಳು. ಈ ವಾರವೇ ಕೌನ್ಸೆಲರ್ ಬಳಿಗೆ ವಾಪಸು ಹೋಗು, ದಯವಿಟ್ಟು ಹೋಗು ಎಂದು ಎರಡು ಸಲ ಹೇಳಿದಳು. ಎಲ್ಲ ಸೇರಿ ನಾಲ್ಕು ನಿಮಿಷ.

ಪಾರ್ಕಿಂಗ್ ಲಾಟಿನಲ್ಲಿ ಕಿಶೋರ ನಕ್ಕೇಬಿಟ್ಟ. "ಅಷ್ಟೇನಾ! ಸುಮ್ನೆ ಹೆದರ್ಕೊಂಡಿದ್ವಿ ನಾವು."

"ನಾವಲ್ಲ," ಎಂದಳು ಲಾವಣ್ಯ. "ಹೆದರಿದ್ದು ನೀನು, ಅನುಭವಿಸಿದ್ದು ನಾನು. ಎಂಟು ತಿಂಗಳು, ಕಿಶೋರ್. ಮಗು ಹಾಡಿದ್ದನ್ನ ನಾನು ಫೋನಲ್ಲಿ ನೋಡಿದೀನಿ."

ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇಲ್ಲಿ ಇಲಿಯೂ ಇರಲಿಲ್ಲ, ಅಗೆದ ಗುಡ್ಡವೆಲ್ಲ ಅವಳ ಮೇಲೆ ಕುಸಿದಿತ್ತು. ಕಿಶೋರನ ನಗು ನಿಂತಿತು. ಅವನು ತಲೆ ತಗ್ಗಿಸಿ ಕ್ಷಮೆ ಕೇಳಿದ, ಕೇಳಿದವನು ಅಲ್ಲಿಗೇ ಬಿಡಬಾರದಿತ್ತೇ? "ಅಂಕಲ್‌ಗೆ ಹೇಳ್ಬೇಡ. ಬೇಜಾರ್ ಮಾಡ್ಕೋತಾರೆ," ಎಂದೂ ಸೇರಿಸಿದ.

ಲಾವಣ್ಯ ಅಲ್ಲೇ ನಿಂತು ವೆಂಕಟರಾಮು ಅಂಕಲ್ ಮನೆಗೆ ಫೋನ್ ಮಾಡಿದಳು.

"ಏನಮ್ಮಾ, 'ನೋ' ಅಂದೆ ತಾನೆ?"

"ಯೆಸ್ ಅಂದೆ ಅಂಕಲ್. ಏನೂ ಆಗ್ಲಿಲ್ಲ. ನನ್ನ ಔಷಧ ನಿಲ್ಸಿದ್ರಲ್ಲ, ಯಾರನ್ನ ಕೇಳಿ ನಿಲ್ಸಿದ್ರಿ?"

"ಯಾರನ್ನ ಕೇಳೋದಮ್ಮಾ? ನಮ್ಮನೇಲೇ ಮಾಡಿ ನೋಡಿದೀವಿ. ನಮ್ಮ ಗ್ರೀನ್ ಕಾರ್ಡ್ ಟೈಮಲ್ಲಿ ತಾಯಮ್ಮಂದೂ ನಾನು ಹೀಗೇ ನಿಲ್ಸಿದ್ದೆ. ಬಂತೋ ಇಲ್ವೋ ಕಾರ್ಡು!"

ಮೇಜಿನ ಬಟ್ಟೆಯ ಮೇಲೆ ಚೆಲ್ಲಿದ ಹುಳಿ ಲಾವಣ್ಯಳ ಕಣ್ಣ ಮುಂದೆ ಬಂತು.

"ಕಾರ್ಡ್ ಬಂದ್ಮೇಲೆ ಆಂಟಿಗೆ ಮತ್ತೆ ಶುರು ಮಾಡಿಸಿದ್ರಾ ಅಂಕಲ್?"

"ಆಮೇಲೆ ಸಿಟಿಜನ್‌ಶಿಪ್ ಇತ್ತು," ಎಂದರು ಅಂಕಲ್. "ಆಮೇಲೆ ಮಗ ಸತ್ಯಂಗೆ ಹೆಣ್ಣು ನೋಡ್ತಿದ್ವಿ. ಆಮೇಲೆ..."

"ಆ ಫೋನ್ ಇಲ್ಲಿ ಕೊಡಿ," ಎಂದು ಹಿಂದಿನಿಂದ ಹೆಂಗಸಿನ ದನಿ ಕೇಳಿತು.

"ನಿಂಗ್ಯಾಕೆ..."

"ಕೊಡಿ ಅಂದೆ."

ಫೋನು ಕೈಬದಲಾಯಿತು. "ಲಾವಣ್ಯಾ, ತಾಯಮ್ಮ ಕಣಮ್ಮ. ನಿನ್ನ ಆ ಕೌನ್ಸೆಲರ್ ನಂಬರ್ ಹೇಳು, ಬರ್ಕೋತೀನಿ. ಒಂದೊಂದೇ ಅಂಕಿ ನಿಧಾನಕ್ಕೆ ಹೇಳಮ್ಮ, ಕೈ ನಡುಗುತ್ತೆ. ಇಪ್ಪತ್ತಾರು ವರ್ಷ ಆಯ್ತು."