ಅರ್ಧ ಉಳಿದ ಚಹಾ

ನಾನು ಒಂದು ಮಗ್. ತಗಡಿನ ಮೈ, ಅದರ ಮೇಲೆ ಬಿಳಿ ಎನಾಮಲ್, ಅಂಚಿಗೆ ನೀಲಿ ಗೀಟು. ಕಾರ್ಖಾನೆಯಲ್ಲಿ ನನ್ನನ್ನು ಬಡಿದು, ಬಣ್ಣದಲ್ಲಿ ಅದ್ದಿ, ಕುಲುಮೆಗೆ ತಳ್ಳಿದರು. ಹುಟ್ಟುವಾಗಲೇ ಇಷ್ಟು ಪೆಟ್ಟು ತಿಂದವನು ಲೋಕವನ್ನು ನಂಬುವುದು ಹೇಗೆ? ಬೆಳ್ಳಗಿರುವುದೆಲ್ಲ ಹಾಲಲ್ಲ. ನನ್ನನ್ನು ಎತ್ತಿದ ಪ್ರತಿ ಕೈಯನ್ನೂ ನಾನು ಅನುಮಾನದಿಂದಲೇ ನೋಡಿದ್ದೇನೆ.

ಒಂದು ಕೈಯನ್ನು ಬಿಟ್ಟು. ಅದು ಧಾರವಾಡದ ಪ್ರಲ್ಹಾದನದು. ಅವನು ಬಾಂಬರ್ ವಿಮಾನದಲ್ಲಿ ದಾರಿ ಹೇಳುವ ನ್ಯಾವಿಗೇಟರ್. ವಿಮಾನ ನಡೆಸುವವನು ಅವನ ಗೆಳೆಯ, ಮಂಗಳೂರಿನ ಸಿರಿಲ್ ಪಿಂಟೊ. ಆ ವಿಮಾನದಲ್ಲಿ ಇವರಿಬ್ಬರೇ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾದ ಮೇಲೆ ಪ್ರಲ್ಹಾದ ಒಂದು ರೂಢಿ ಮಾಡಿಕೊಂಡ. ಹೊರಡುವ ಮುಂಚೆ ಅರ್ಧ ಚಹಾ ಕುಡಿದು, ನನ್ನ ಮೇಲೆ ತಟ್ಟೆ ಮುಚ್ಚಿ ಹೇಳುತ್ತಿದ್ದ, "ಯಾರೂ ಚೆಲ್ಲಬ್ಯಾಡ್ರಿ. ಉಳಿದದ್ದು ಬಂದು ಕುಡೀತೇನಿ." ಹಾಗೆಯೇ ಬಂದು ತಣ್ಣನೆಯ ಚಹಾ ಕುಡಿಯುತ್ತಿದ್ದ. ಒಂದು ದಿನ ಬರಲಿಲ್ಲ. ಗುಂಡೇಟು ತಿಂದ ವಿಮಾನ ಗಡಿಯ ಈಚೆ ಬಂದು ಬಿದ್ದಿತ್ತು.

ಕೆಲವು ದಿನಗಳ ನಂತರ ಸಿರಿಲ್ ಒಬ್ಬನೇ ಬಂದ, ಕೈಗೆ ಪಟ್ಟಿ ಕಟ್ಟಿಕೊಂಡು. ಚಹಾ ನನ್ನೊಳಗೇ ಒಣಗಿ ಕಂದು ಕಲೆಯಾಗಿತ್ತು. ಅವನು ನನ್ನನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿಟ್ಟ. ನನಗೆ ಆಗಲೇ ಸಂಶಯ. ಗೆಳೆಯನ ಮಗ್ ತೊಳೆದಿಡಲಾರದವನು ಗೆಳೆಯನಿಗಾಗಿ ಏನು ಮಾಡಿದ್ದಾನು?

ಯುದ್ಧ ಮುಗಿದ ಮೇಲೆ ನನ್ನನ್ನು ಧಾರವಾಡಕ್ಕೆ ತಂದ. ಪ್ರಲ್ಹಾದನ ತಾಯಿ ಸೋನಕ್ಕ ವಿಧವೆ, ಬೇರೆಯವರು ಮುಟ್ಟಿದ ನೀರನ್ನೂ ಕುಡಿಯದ ಮಡಿಯ ಹೆಂಗಸು. ಆಕೆ ಕೇಳುವ ಮೊದಲೇ ಸಿರಿಲ್ ಸಮಜಾಯಿಷಿ ಶುರುಮಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನಿಗೆ ಯಾರೂ ಕಳ್ಳ ಎಂದೂ ಇರಲಿಲ್ಲ.

"ವಿಮಾನ ಬೀಳುವಾಗ ಪೈಲಟ್ ಸೀಟು ಮಾತ್ರ ಹೊರಗೆ ಹಾರ್ತದೆ ಅಮ್ಮಾ. ಅವನು ಬಾಗಿಲಿಂದ ಹೋಗ್ಬೇಕು. ಬಾಗಿಲು ತೆರೀಲೇ ಇಲ್ಲ. 'ನೀನು ಹೋಗು' ಅಂತ ಅವನೇ ಹೇಳಿದ."

"ಅಂವ ಹೇಳಿದ್ದು ಬ್ಯಾರೆ ಯಾರರ ಕೇಳ್ಯಾರೇನ್ರಿ?"

"ಇಲ್ಲ. ನಾನೊಬ್ಬನೇ."

"ಹಂಗಾದ್ರ ನೀವು ಹೇಳಿದ್ದ ಖರೆ ಅನ್ರಿ!"

ಆಕೆಯ ಹಾಗೆ ನಾನೂ ಅವನನ್ನು ನಂಬಲಿಲ್ಲ. ಸಿರಿಲ್ ತಲೆ ತಗ್ಗಿಸಿ ನನ್ನನ್ನು ಆಕೆಯ ಮುಂದಿಟ್ಟ. ಮುಸುರೆ ಪಾತ್ರೆ ಕಂಡರೆ ಸೋನಕ್ಕನ ಕೈ ಸುಮ್ಮನಿರುವುದಿಲ್ಲ. ಸಿಟ್ಟಿನಲ್ಲೇ ನನ್ನನ್ನು ಬಚ್ಚಲಿಗೆ ಒಯ್ದು, ಬೂದಿ ಹಾಕಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿದಳು.

"ಅಮ್ಮಾ, ತೊಳೀಬೇಡಿ! ಅದು ಅವನು ಬಿಟ್ಟ ಚಹಾ!" ಎಂದು ಸಿರಿಲ್ ಓಡಿ ಬಂದ. ಕಂದು ನೀರು ಆಗಲೇ ಮೋರಿಗೆ ಹರಿದಿತ್ತು. ಅವನು ಅಲ್ಲೇ ಕುಸಿದು ಕೂತು, ಬಿಕ್ಕಳಿಸುತ್ತ ಆ ರೂಢಿಯ ಕತೆ ಹೇಳಿದ. ಸೋನಕ್ಕ ಬೂದಿಯ ಕೈಯಲ್ಲೇ ತಲೆ ಚಚ್ಚಿಕೊಂಡಳು. "ಮದಲ ಯಾಕ ಹೇಳ್ಲಿಲ್ಲೋ ನನ್ನಪ್ಪಾ? ನನ್ನ ಕೂಸಿನ ಎಂಜಲಾ ನಾನ ತೊಳದ್ನೆಲ್ಲೋ!"

ಇಬ್ಬರ ಅಳು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಆಕೆ ಎದ್ದು ಚಹಾ ಕಾಸಿ, ನನ್ನೊಳಗೇ ಸುರಿದು, "ಕುಡಿಯೋ" ಎಂದಳು. ಸಿರಿಲ್ ಅರ್ಧ ಕುಡಿದ. ಉಳಿದದ್ದನ್ನು ಹಾಗೇ ಬಿಟ್ಟು ನನ್ನನ್ನು ಕೆಳಗಿಟ್ಟ. ಸೋನಕ್ಕ ನನ್ನನ್ನು ಎತ್ತಿಕೊಂಡು, ಅವನ ತುಟಿ ತಾಗಿದ ಕಡೆಯಿಂದಲೇ ಉಳಿದದ್ದನ್ನು ಕುಡಿದುಬಿಟ್ಟಳು. ತಾಯಂದಿರು ಮಕ್ಕಳ ಎಂಜಲನ್ನು ಕುಡಿಯುವಂತೆ.

ಆಕೆ ಬದುಕಿರುವವರೆಗೂ ಪ್ರತಿ ಡಿಸೆಂಬರಿನಲ್ಲಿ ಸಿರಿಲ್ ಬಂದ, ಅರ್ಧ ಕುಡಿದ, ಆಕೆ ಅರ್ಧ ಕುಡಿದಳು. ಈಗ ನಾನು ಮಂಗಳೂರಿನಲ್ಲಿ ಅವನ ಮನೆಯ ಕಿಟಕಿ ಕಟ್ಟೆಯ ಮೇಲಿದ್ದೇನೆ. ಎನಾಮಲ್ ಉದುರಿ, ತಳ ತುಕ್ಕು ಹಿಡಿದಿದೆ. ಅವನಿಗೂ ವಯಸ್ಸಾಗಿದೆ. ಆ ವಿಮಾನದೊಳಗೆ ನಿಜವಾಗಿ ಏನಾಯಿತು? ನನ್ನ ಅನುಮಾನ ಇಂದಿಗೂ ಪೂರ್ತಿ ಹೋಗಿಲ್ಲ. ಸೋನಕ್ಕನದೂ ಹೋಗಿತ್ತೋ ಇಲ್ಲವೋ, ನಾನರಿಯೆ. ಅನುಮಾನ ಇಟ್ಟುಕೊಂಡೇ ಆಕೆ ಕುಡಿದಿರಬೇಕು.